ನೆರಳು ಅಲ್ಲಿ, ಸೈಕಲ್ ಇಲ್ಲಿ

ಹೈದರಾಬಾದಿನ ಹೊರವರ್ತುಲ ರಸ್ತೆಯ ಪಕ್ಕ 2023ರ ಅಕ್ಟೋಬರ್ 1ರಂದು ತೆರೆದ ಸೈಕಲ್ ಪಥವನ್ನು ಮೊದಲು ಮೆಚ್ಚಲೇಬೇಕು. ನಾನಕ್‌ರಾಮ್‌ಗುಡ ಕಡೆಯದೊಂದು, ನಾರ್ಸಿಂಗಿಯಿಂದ ಕೊಲ್ಲೂರಿಗೆ ಹೋಗುವುದೊಂದು, ಎರಡೂ ಸೇರಿ 23 ಕಿಲೋಮೀಟರ್. ನಾಲ್ಕೂವರೆ ಮೀಟರ್ ಅಗಲ. ಮೇಲೆ ಸೋಲಾರ್ ಫಲಕಗಳದ್ದೇ ಚಾವಣಿ, 16 ಮೆಗಾವಾಟ್ ಸಾಮರ್ಥ್ಯದ್ದು. ತೆಲಂಗಾಣದ ಮೇ ತಿಂಗಳಲ್ಲಿ ಸೈಕಲ್ ತುಳಿದವರಿಗೆ ಆ ನೆರಳಿನ ಬೆಲೆ ಗೊತ್ತು. ನಮ್ಮ ಊರುಗಳಲ್ಲಿ ಸೈಕಲ್ ಪಥವೆಂದರೆ ರಸ್ತೆಯಂಚಿಗೆ ಬಳಿದ ಬಣ್ಣ, ಅದರ ಮೇಲೆ ನಿಂತ ಕಾರು. ಇಲ್ಲಿ ಹಾಗಲ್ಲ, ದಾರಿ ನಿಜಕ್ಕೂ ಸೈಕಲ್ಲಿಗೇ ಮೀಸಲು.

ಆದರೆ ಯಾರ ಸೈಕಲ್ಲಿಗೆ? ಇದೇ ಹೈದರಾಬಾದಿನ ಕಾರ್ಖಾನೆ ಪ್ರದೇಶವಾದ ಸನತ್‌ನಗರದಲ್ಲಿ ನಿಂತು ಈ ಪ್ರಶ್ನೆ ಕೇಳಬೇಕು. ಬೆಳಗಿನ ಶಿಫ್ಟ್ ಹೊತ್ತಿಗೆ ಫತೇನಗರ ಸೇತುವೆಯ ಮೇಲೆ ನೋಡಿ: ಹ್ಯಾಂಡಲ್ಲಿಗೆ ಊಟದ ಡಬ್ಬಿಯ ಚೀಲ ಸಿಕ್ಕಿಸಿಕೊಂಡು ಬಾಲಾನಗರದ ವರ್ಕ್‌ಶಾಪುಗಳಿಗೆ ಹೊರಟವರು ಏರಿನಲ್ಲಿ ಇಳಿದು ಸೈಕಲ್ ತಳ್ಳುತ್ತಾರೆ. ಹಿಂದಿನಿಂದ ಲಾರಿಯ ಹಾರ್ನು, ಪಕ್ಕಕ್ಕೆ ಸರಿಯಲು ಒಂದು ಗೇಣು ಜಾಗವಿಲ್ಲ. ಇವರಿಗೆ ಸೈಕಲ್ ವ್ಯಾಯಾಮವಲ್ಲ, ಉಳಿದ ಬಸ್ ಚಾರ್ಜು. ಹೊರವರ್ತುಲದ ಪಥ ಇವರ ಮನೆಯಿಂದಲೂ ದೂರ, ಕೆಲಸದಿಂದಲೂ ದೂರ. ಅಲ್ಲಿಗೆ ಹೋಗಲು ಸೈಕಲ್ಲನ್ನು ಕಾರಿನ ಮೇಲೆ ಕಟ್ಟಿಕೊಂಡು ಹೋಗುವ ಅನುಕೂಲ ಬೇಕು.

ಪಥ ಅಲ್ಲೇ ಆದದ್ದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಜಾಗ ಸರ್ಕಾರದ ಕೈಯಲ್ಲಿತ್ತು, ಯಾರನ್ನೂ ಎಬ್ಬಿಸಬೇಕಿರಲಿಲ್ಲ. ಸುಲಭವಿದ್ದ ಕಡೆ ಗೆರೆ ಎಳೆದರೆ ಒಳ್ಳೆಯ ಪಥ ಆಗುತ್ತದೆ, ಬೇಕಾದವರಿಗೆ ಸಿಗುವುದಿಲ್ಲ. ಜನರ ಸಹಭಾಗಿತ್ವ ಬೇಕಾದದ್ದು ಉದ್ಘಾಟನೆಯ ದಿನವಲ್ಲ, ನಕ್ಷೆ ಬರೆಯುವ ಮೊದಲು.

ಸೈಕಲ್ ಪಥದಲ್ಲಿ ಅಲ್ಲದಿದ್ದರೂ, ಬೆಂಗಳೂರಿನ ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯಲ್ಲಿ ಅಂಥ ಸಹಭಾಗಿತ್ವ ಆಯಿತು. ಪಾಲಿಕೆಯ ಎಂಜಿನಿಯರುಗಳ ಜತೆ ಸುತ್ತಲಿನ ನಿವಾಸಿಗಳು ಕೂತು ಯೋಜನೆ ಮಾಡಿದರು. ವಾಕಿಂಗ್ ದಾರಿ ಬಂತು, ಜತೆಗೆ ದನಗಳಿಗೆ ಹುಲ್ಲು ಕೊಯ್ಯುವವರಿಗೂ, ಪಕ್ಕದ ಸರ್ಕಾರಿ ಶಾಲೆಯ ಮಕ್ಕಳಿಗೂ ಕೆರೆಯಲ್ಲಿ ಪಾಲು ಉಳಿಯಿತು. ಸಮುದಾಯಗಳು ತಮ್ಮ ಸಂಪನ್ಮೂಲವನ್ನು ತಾವೇ ಕಾಯ್ದುಕೊಳ್ಳಬಲ್ಲವೆಂದು ತೋರಿಸಿ 2009ರಲ್ಲಿ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಂ 2012ರಲ್ಲಿ ಈ ಕೆರೆ ನೋಡಲು ಬಂದಿದ್ದರು. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನೂ ನಿವಾಸಿಗಳ ಟ್ರಸ್ಟೊಂದು 2011ರಲ್ಲಿ ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡು ನೋಡಿಕೊಂಡಿತು. ಈ ಮಾದರಿಗೂ ಬಿರುಕಿದೆ. 2020ರಲ್ಲಿ ಹೈಕೋರ್ಟು ಕೆರೆಗಳ ವಿಷಯದಲ್ಲಿ ಖಾಸಗಿ ಕಂಪನಿಗಳ ಜತೆ ಒಪ್ಪಂದಕ್ಕೆ ತಡೆ ಹಾಕಿತು. ಕೆರೆ ಸಾರ್ವಜನಿಕರ ಸ್ವತ್ತೆಂಬ ಆ ನಿಲುವು ಸರಿಯಾದದ್ದೇ. ಆದರೆ ಅದರ ಬಿಸಿ ವರ್ಷಗಟ್ಟಲೆ ದುಡಿದ ನಿವಾಸಿಗಳ ಗುಂಪುಗಳಿಗೂ ತಟ್ಟಿತು. ಅವಧಿಗೊಮ್ಮೆ ನವೀಕರಿಸಬೇಕಾದ ಕಾಗದದ ಮೇಲೆ ಜನರ ದುಡಿಮೆ ನಿಲ್ಲಬಾರದು. ನಾಗರಿಕರ ಪಾತ್ರ ಕಾನೂನಿನಲ್ಲೇ ಬರೆದಿರಬೇಕು. ಮನೆ ಬಿಡಿಸಿ ಕಾಂಪೌಂಡು ಕಟ್ಟುವ ಅಧಿಕಾರ ಮಾತ್ರ ಯಾವ ಗುಂಪಿಗೂ ಸಿಗಬಾರದು. ಎಷ್ಟೋ ಕಡೆ ಉಳ್ಳವರ ವಾಕಿಂಗಿಗಾಗಿ ಬಡವರು ಜಾಗ ಬಿಟ್ಟಿದ್ದಾರೆ.

ಮತ್ತೆ ಸನತ್‌ನಗರಕ್ಕೆ ಬಂದರೆ, ಅಲ್ಲಿ ಇಂಥ ಯೋಜನೆಗೆ ಬೇಕಾದ ಎಳೆಗಳು ಬಿಡಿಬಿಡಿಯಾಗಿ ಬಿದ್ದಿವೆ. ಹುಸೇನ್ ಸಾಗರಕ್ಕೆ ಕಾರ್ಖಾನೆಗಳ ಕೊಳಕು ಹೊತ್ತು ಹೋಗುವ ಕುಕಟ್‌ಪಲ್ಲಿ ನಾಲಾ ಇದೆ, ಎಂಎಂಟಿಎಸ್ ಲೋಕಲ್ ರೈಲಿನ ಹಳಿ ಇದೆ, ಕಾರ್ಮಿಕರದೇ ಆದ ಇಎಸ್‌ಐ ಆಸ್ಪತ್ರೆ ಇದೆ, ಅದರ ಹೆಸರಿನ ಮೆಟ್ರೋ ನಿಲ್ದಾಣವಿದೆ. ಇವನ್ನು ಹೊಲಿಯುವ ನೆರಳಿನ ದಾರಿ 23 ಕಿಲೋಮೀಟರ್ ಇರಬೇಕಿಲ್ಲ. ರೈಲ್ವೆ, ಪಾಲಿಕೆ, ಜಲಮಂಡಳಿ ಮೂರೂ ಒಂದೇ ಮೇಜಿಗೆ ಬರಬೇಕು, ನಾಲಾ ಪಕ್ಕದ ಬಸ್ತಿಯವರಿಗೂ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವವರಿಗೂ ಆ ಮೇಜಿನಲ್ಲಿ ಮತ ಇರಬೇಕು. ಮೊದಲ ಸಭೆಯನ್ನು ಶಿಫ್ಟ್ ಇಲ್ಲದ ದಿನ, ಸನತ್‌ನಗರದಲ್ಲೇ ಕರೆಯಬೇಕು.