ಶೂನ್ಯ ದೂರಿನ ಹೆಮ್ಮೆ

2023ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಅಪರೂಪದ ಆದೇಶ ಹೊರಡಿಸಿತು. ಬೆಳಗಾವಿ ತಾಲ್ಲೂಕಿನ ಹೊಸ ವಂಟಮುರಿಯಲ್ಲಿ, ಮಗ ಪ್ರೀತಿಸಿದ ಹುಡುಗಿಯೊಂದಿಗೆ ಊರು ಬಿಟ್ಟನೆಂಬ ಸಿಟ್ಟಿಗೆ ಅವನ ತಾಯಿಯನ್ನು ಮನೆಯಿಂದ ಎಳೆತಂದು, ವಿವಸ್ತ್ರಗೊಳಿಸಿ, ವಿದ್ಯುತ್ ಕಂಬಕ್ಕೆ ಕಟ್ಟಿ ಹೊಡೆದಿದ್ದರು. ಆಕೆ ಆಸ್ಪತ್ರೆ ಸೇರಿದ ಮೇಲೆ ಸಂತೈಸಲು ಬರುವವರ ಸಾಲು ಬೆಳೆಯಿತು. ಅನುಮತಿಯಿಲ್ಲದೆ ಯಾರೂ ಆಕೆಯನ್ನು ಕಾಣಕೂಡದು ಎಂದು ನ್ಯಾಯಾಲಯವೇ ತಡೆಯಬೇಕಾಯಿತು. ಆದರೆ ಆ ರಾತ್ರಿ ಕಂಬದ ಬಳಿ ಬಿಡಿಸಲು ಹೋದವನು ಒಬ್ಬನೇ, ಅವನಿಗೂ ಏಟು ಬಿದ್ದಿತ್ತು. ಉಳಿದವರು ನೋಡುತ್ತ ನಿಂತಿದ್ದರು.

ಬೇಕಾದ ಹೊತ್ತಿಗೆ ಯಾರೂ ಇಲ್ಲ, ಬೇಡವಾದ ಹೊತ್ತಿಗೆ ಎಲ್ಲರೂ ಹಾಜರು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೆ ನಾವು ಕೊಡುವ ಬೆಂಬಲದ ದೊಡ್ಡ ದೋಷ ಇದೇ. ಆಗಿನ ಮುಖ್ಯ ನ್ಯಾಯಮೂರ್ತಿ ಪ್ರಸನ್ನ ವರಾಳೆ ಅವರಿದ್ದ ಪೀಠ ಊರಿನವರ ಮೌನವನ್ನು ಖಂಡಿಸುತ್ತ, ಬ್ರಿಟಿಷರ ಕಾಲದಲ್ಲಿ ಇಡೀ ಊರಿನ ಮೇಲೆ ಹೇರುತ್ತಿದ್ದ ಪುಂಡಗಂದಾಯವನ್ನು ನೆನಪಿಸಿತು. ಆ ಸಿಟ್ಟು ನ್ಯಾಯವೇ. ಆದರೆ ಊರಿಗೆಲ್ಲ ಹಾಕಿದ ದಂಡ, ಹೊಡೆದವನ ಮೇಲೂ ಹೊರಗೆ ಬರಲು ಹೆದರಿ ಬಾಗಿಲ ಹಿಂದೆ ನಿಂತ ಮುದುಕಿಯ ಮೇಲೂ ಸಮನಾಗಿ ಬೀಳುತ್ತದೆ. ಅದಕ್ಕಿಂತ, ಸಂತ್ರಸ್ತೆಗೆ ಸರ್ಕಾರ 5 ಲಕ್ಷ ರೂಪಾಯಿಯ ಜೊತೆ ಜಮೀನನ್ನೂ ಕೊಟ್ಟದ್ದು ನನಗೆ ಹೆಚ್ಚು ಅರ್ಥಪೂರ್ಣವಾಗಿ ಕಾಣುತ್ತದೆ. ನೋಡುತ್ತ ನಿಂತವರ ಹೊಲಕ್ಕೇ ಮತ್ತೆ ಕೂಲಿಗೆ ಹೋಗುವ ಗತಿ ಆಕೆಗೆ ಬರಬಾರದು. ಬೆಂಬಲದ ತಿರುಳು ಇಲ್ಲಿದೆ: ದೂರು ಕೊಟ್ಟವಳ ಅನ್ನ ನಿಲ್ಲಬಾರದು.

ಈ ಅಳತೆಗೋಲನ್ನು ನಮ್ಮ ಭಾಗದ ಉದ್ಯೋಗಗಳಿಗೆ ಹಿಡಿದು ನೋಡೋಣ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಕಾಗದದ ಮೇಲೆ ಒಳ್ಳೆಯ ಕಾಯ್ದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅದರ ಅಧ್ಯಕ್ಷತೆ ಮಹಿಳೆಯದು, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರು, ಒಬ್ಬರು ಹೊರಗಿನವರು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಅಷ್ಟರಲ್ಲಿ ದೂರುದಾರಳು ಕೇಳಿದರೆ ಮೂರು ತಿಂಗಳವರೆಗೆ ಹೆಚ್ಚುವರಿ ರಜೆ ಕೊಡಬಹುದು, ಆಕೆಯನ್ನೋ ಆರೋಪಿಯನ್ನೋ ಬೇರೆಡೆಗೆ ವರ್ಗ ಮಾಡಬಹುದು. ಆಕೆ ಪೊಲೀಸರ ಬಳಿ ಹೋಗುವುದಾದರೆ ನೆರವಾಗುವುದು ಮಾಲೀಕನ ಕರ್ತವ್ಯ. ಆಕೆಯೇ ಬಯಸಿದರೆ ಸಂಧಾನಕ್ಕೆ ಅವಕಾಶವುಂಟು, ಆದರೆ ಅದಕ್ಕೆ ಹಣ ಆಧಾರವಾಗಕೂಡದು.

ಇಷ್ಟೆಲ್ಲ ಬರೆದವರ ಕಣ್ಣ ಮುಂದೆ ಇದ್ದದ್ದು ಕಚೇರಿಯ ಕುರ್ಚಿ. ನಮ್ಮ ಬೆಳಗಾವಿ ಜಿಲ್ಲೆಯ ಕಬ್ಬೂರಿನಿಂದ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದವರೆಗೆ ಹೆಂಗಸರು ದುಡಿಯುವುದು ಹೆಚ್ಚಾಗಿ ಹೊಲದಲ್ಲಿ. ನಿಪ್ಪಾಣಿಯಲ್ಲಿ ತಂಬಾಕಿನ ವಖಾರಿಯಲ್ಲಿ, ಬೀಡಿ ಕಟ್ಟುವ ಮನೆಯಂಗಳದಲ್ಲಿ. ಕಬ್ಬಿನ ಹಂಗಾಮು ಬಂತೆಂದರೆ ಮಹಾರಾಷ್ಟ್ರದ ಬೀಡ್ ಕಡೆಯಿಂದ ಗಂಡ ಹೆಂಡತಿ ಜೋಡಿಯಾಗಿ ಮುಕಾದಮನ, ಎಂದರೆ ಕೂಲಿ ಗುತ್ತಿಗೆದಾರನ, ಮುಂಗಡ ಹಿಡಿದು ಕಟಾವಿಗೆ ಬರುತ್ತಾರೆ, ಹೊಲದ ಬದಿಯ ಜೋಪಡಿಯಲ್ಲಿ ಇರುತ್ತಾರೆ. ಒಂದು ದಿನ ಕೆಲಸ ತಪ್ಪಿದರೆ ಮುಂಗಡದ ಲೆಕ್ಕದಲ್ಲಿ ಮುರಿತ. ಇಂಥವಳಿಗೆ ಮೂರು ತಿಂಗಳ ರಜೆ ಎಂದರೆ ಮೂರು ತಿಂಗಳ ಸಾಲ. ವರ್ಗ ಮಾಡುವುದಾದರೂ ಎಲ್ಲಿಗೆ? ಗುತ್ತಿಗೆದಾರನ ಮೂಲಕ ಬಂದವಳೂ ಉದ್ಯೋಗಿಯೇ ಎಂದು ಕಾಯ್ದೆ ಹೇಳುತ್ತದೆ. ಆದರೆ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದವಳು ತಾನು ಯಾರ ಉದ್ಯೋಗಿ ಎಂದು ತೋರಿಸಿಕೊಡುವುದು ಹೇಗೆ?

ಹತ್ತಕ್ಕಿಂತ ಕಡಿಮೆ ಜನರಿರುವಲ್ಲಿ, ಅಥವಾ ಮಾಲೀಕನೇ ಆರೋಪಿಯಾದಾಗ, ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬೇಕು. ಸಮಿತಿ ಇರುವುದು ಬೆಳಗಾವಿಯಲ್ಲಿ. ಕಬ್ಬೂರಿನವಳಿಗೆ ಅಲ್ಲಿಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋಯಿತು. ಇದಕ್ಕಾಗಿಯೇ ಪ್ರತಿ ತಾಲ್ಲೂಕಿನಲ್ಲಿ ಒಬ್ಬ ನೋಡಲ್ ಅಧಿಕಾರಿ ದೂರು ಪಡೆದು ಏಳು ದಿನದಲ್ಲಿ ಮುಂದೆ ಕಳಿಸಬೇಕೆಂಬ ನಿಯಮವಿದೆ. ಕಾಯ್ದೆ ಬಂದು ಹನ್ನೊಂದು ವರ್ಷವಾದ ಮೇಲೂ, 2024ರ ಡಿಸೆಂಬರ್‌ನಲ್ಲಿ, ಜಿಲ್ಲಾ ಅಧಿಕಾರಿಗಳನ್ನು ನೇಮಿಸಿ, ಸ್ಥಳೀಯ ಸಮಿತಿ ರಚಿಸಿ, ತಾಲ್ಲೂಕಿಗೆ ನೋಡಲ್ ಅಧಿಕಾರಿಗಳನ್ನು ಕೊಡಿ ಎಂದು ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಗಡುವು ಹಾಕಬೇಕಾಯಿತು. ದೇಶದಲ್ಲಿ ಈ ಕಾಯ್ದೆಯ ಪಾಲನೆ ಎಷ್ಟರ ಮಟ್ಟಿಗೆ ಇತ್ತು ಎನ್ನಲು ಬೇರೆ ಸಾಕ್ಷಿ ಬೇಡ.

ಕಾಯ್ದೆಗಿಂತ ಮೊದಲೇ ನಮ್ಮ ನೆಲದಲ್ಲಿ ಬೇರೊಂದು ದಾರಿ ಕಂಡಿತ್ತು. 1982ರಲ್ಲಿ ದೀಪಾ ಧನರಾಜ್ ಮತ್ತು ಯುಗಾಂತರ ತಂಡ ನಿಪ್ಪಾಣಿಯ ತಂಬಾಕು ಕಾರ್ಮಿಕ ಮಹಿಳೆಯರ ಜೊತೆ ತಿಂಗಳುಗಟ್ಟಲೆ ಇದ್ದು ‘ತಂಬಾಕು ಚಾಕೀಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರ ಮಾಡಿತು. ಅಲ್ಲಿ ಹೆಂಗಸರು ಯಾರ ಕರುಣೆಗೂ ಕಾಯುವುದಿಲ್ಲ. ದುಡಿಮೆಯ ಶೋಷಣೆಯನ್ನು ತಾವೇ ಬಾಯಿಬಿಟ್ಟು ಹೇಳುತ್ತಾರೆ, ಸಂಘ ಕಟ್ಟುವ ಮಾತಾಡುತ್ತಾರೆ. ಒಬ್ಬಳು ಹೇಳಿದರೆ ಅವಳ ಕೆಲಸ ಹೋಗುತ್ತದೆ, ನೂರು ಮಂದಿ ಹೇಳಿದರೆ ವಖಾರಿ ನಿಲ್ಲುತ್ತದೆ. ಈ ಬಲ ಯಾವ ಸಮಿತಿಯ ಫಲಕಕ್ಕೂ ಇಲ್ಲ.

ತಮಿಳುನಾಡಿನ ದಿಂಡಿಗಲ್‌ನ ಗಾರ್ಮೆಂಟ್ ಕಾರ್ಖಾನೆಯೊಂದರಲ್ಲಿ 2022ರಲ್ಲಿ ಆದ ಒಪ್ಪಂದ ಇದೇ ಬಲವನ್ನು ಬರಹಕ್ಕೆ ತಂದಿತು. ದಲಿತ ಯುವತಿಯೊಬ್ಬಳ ಕೊಲೆಯ ನಂತರ ಮಹಿಳೆಯರೇ ಮುನ್ನಡೆಸುವ ಕಾರ್ಮಿಕ ಸಂಘ ಪಟ್ಟು ಹಿಡಿಯಿತು. ಕಾರ್ಖಾನೆ ಸಹಿ ಹಾಕಿತು. ಅಲ್ಲಿಂದ ಬಟ್ಟೆ ಕೊಳ್ಳುತ್ತಿದ್ದ ಎಚ್ ಅಂಡ್ ಎಂ ಕಂಪನಿಯೂ ಕಟ್ಟುಬಿದ್ದಿತು. ತರಬೇತಿ ಪಡೆದ ಕಾರ್ಮಿಕ ಮಹಿಳೆಯರೇ ಕೆಲಸದ ಸಾಲಿನಲ್ಲಿ ನಿಗಾ ಇಟ್ಟರು. ಮಾತಿಗೆ ತಪ್ಪಿದರೆ ವ್ಯಾಪಾರಕ್ಕೆ ಪೆಟ್ಟು ಎಂಬ ಭಯವೇ ಅದರ ಬೆನ್ನೆಲುಬಾಗಿತ್ತು. ನಮ್ಮ ಸಕ್ಕರೆ ಕಾರ್ಖಾನೆಗಳೂ ಕಟಾವು ಮತ್ತು ಸಾಗಣೆಯ ಕರಾರಿನಲ್ಲಿ ಒಂದು ಷರತ್ತು ಸೇರಿಸಬಹುದು: ದೂರು ಕೊಟ್ಟವಳ ಮುಂಗಡದಲ್ಲಿ ಮುರಿತ ಹಾಕುವ, ಅವಳ ಜೋಡಿಯನ್ನು ಓಡಿಸುವ ಮುಕಾದಮನಿಗೆ ಮುಂದಿನ ಹಂಗಾಮಿಗೆ ಕೆಲಸವಿಲ್ಲ. ಇದಕ್ಕೆ ಹೊಸ ಕಾನೂನು ಬೇಡ.

ಇನ್ನು ಒಬ್ಬೊಬ್ಬರ ಪಾಲು. ‘ಮನಿ ಮರ್ಯಾದಿ ಹೊರಗ ಹಾಕಬ್ಯಾಡ್ರಿ, ಹಿರ್ಯಾರ ಕೂತು ಮುಗಸ್ತಾರ’ ಎಂಬ ಮಾತು ಕಾಳಜಿಯಂತೆ ಕೇಳಿಸಿದರೂ ಅದು ಆರೋಪಿಯ ಪರವಾದ ವಕಾಲತ್ತು. ಅತ್ಯಾಚಾರ ಕಟ್ಟೆಯ ಮೇಲೆ ರಾಜಿಯಾಗುವ ಅಪರಾಧವಲ್ಲ. ನೆರೆಯವರು ಮಾಡಬಹುದಾದದ್ದು ಸರಳ: 112 ಅಥವಾ 181ಕ್ಕೆ ಕರೆ ಮಾಡುವುದು, ಜೊತೆಗೆ ಹೋಗುವುದು, ಮಕ್ಕಳನ್ನು ನೋಡಿಕೊಳ್ಳುವುದು. ಖಾಸಗಿ ಆಸ್ಪತ್ರೆಯೂ ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕು, ನಿರಾಕರಿಸುವುದು ಅಪರಾಧ. ಯಾವ ಠಾಣೆಯೂ ‘ನಮ್ಮ ಹದ್ದಿಯಲ್ಲ’ ಎಂದು ಮರಳಿ ಕಳಿಸುವಂತಿಲ್ಲ. ಅತ್ಯಾಚಾರ ಸಂತ್ರಸ್ತೆಯ ಹೆಸರು, ಚಿತ್ರವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದವನ ಉದ್ದೇಶ ಮರುಕವೇ ಆಗಿದ್ದರೂ ಅದು ಶಿಕ್ಷಾರ್ಹ. ಇವು ಗೊತ್ತಿರುವ ಒಬ್ಬರು ಪಕ್ಕದಲ್ಲಿದ್ದರೆ ಆಕೆಗೆ ಅರ್ಧ ಬಲ. ಆದರೆ ಎಲ್ಲಿಗೆ ಹೋಗಬೇಕು, ದೂರು ಕೊಡಬೇಕೋ ಬೇಡವೋ ಎಂಬುದನ್ನು ವಯಸ್ಕಳಾದ ಆಕೆಯೇ ನಿರ್ಧರಿಸಬೇಕು. ಸಂತ್ರಸ್ತೆ ಮಗುವಾಗಿದ್ದರೆ ಮಾತ್ರ ಪೋಕ್ಸೊ ಕಾಯ್ದೆಯಂತೆ ತಿಳಿದವರೆಲ್ಲ ವರದಿ ಮಾಡಲೇಬೇಕು.

ನಮ್ಮ ಭಾಗದಲ್ಲಿ ಉದ್ಯಮ ಬೇರೆ, ಜನ ಬೇರೆ ಎನ್ನುವಂತೆಯೂ ಇಲ್ಲ. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ, ಇವು ಸಹಕಾರಿ ಕಾರ್ಖಾನೆಗಳಾಗಿ ಕಟ್ಟಿದವು. ಷೇರು ಹಿಡಿದ ರೈತನೇ ಇವುಗಳ ಒಡೆಯ, ಎಂದರೆ ಅಲ್ಲಿ ನಡೆಯುವುದರ ನೈತಿಕ ಹೊಣೆಯಲ್ಲಿ ಅವನಿಗೂ ಪಾಲಿದೆ. ಎಷ್ಟು ದೂರು ಬಂದವು, ಎಷ್ಟು ಇತ್ಯರ್ಥವಾದವು ಎಂದು ವಾರ್ಷಿಕ ವರದಿಯಲ್ಲಿ ತೋರಿಸಬೇಕೆಂದು ಕಾಯ್ದೆ ಹೇಳುತ್ತದೆ. ಆ ಜಾಗದಲ್ಲಿ ‘ಶೂನ್ಯ’ ಎಂದಿದ್ದರೆ ಅದನ್ನು ಹೆಮ್ಮೆಯ ಸುದ್ದಿ ಎನ್ನಲಾರೆ. ನೂರಾರು ಹೆಂಗಸರು ದುಡಿಯುವಲ್ಲಿ ವರ್ಷಗಟ್ಟಲೆ ಒಂದೂ ದೂರು ಬಾರದಿದ್ದರೆ, ಹೇಳಲು ಹೆದರುತ್ತಿದ್ದಾರೆಯೇ ಎಂದೇ ಮೊದಲು ಕೇಳಬೇಕು. ಸರ್ವಸಾಧಾರಣ ಸಭೆಯಲ್ಲಿ ಟನ್ನಿನ ದರ, ಬಾಕಿ ಬಿಲ್ಲಿನ ಬಗ್ಗೆ ಎದ್ದುನಿಂತು ಜಗಳವಾಡುವ ರೈತರಿಗೆ ಕೇಳುವ ಧೈರ್ಯದ ಕೊರತೆಯಿಲ್ಲ. ಸಮಿತಿಯಲ್ಲಿ ಯಾರಿದ್ದಾರೆ, ಕಟಾವಿನ ಹೆಂಗಸರಿಗೆ ಅವರ ಹೆಸರು ಗೊತ್ತೇ, ದೂರು ಕೊಟ್ಟವಳಿಗೆ ಅಂದಿನ ಕೂಲಿ ಸಿಕ್ಕಿತೇ? ದರದ ಜೊತೆ ಇವನ್ನೂ ಕೇಳಲಿ.