ಕರೆಂಟ್, ಪ್ರವಾಹ, ಸೆಳೆತ

ಶ್ರೀರಂಗಪಟ್ಟಣದ ದಸರಾ ಮೆರವಣಿಗೆ ಹೊರಡುವ ಕಿರಂಗೂರಿನ ಬನ್ನಿಮಂಟಪದ ಬಳಿ ನಿಂತು, ದಾರಿಹೋಕರನ್ನು ‘ಕರೆಂಟ್’ ಎಂದರೇನೆಂದು ಕೇಳಿದರೆ ಒಂದೇ ಉತ್ತರ ಬಂದೀತು: ದೀಪ ಉರಿಸುವುದು, ಪಂಪು ಓಡಿಸುವುದು, ಬೇಕಾದ ಹೊತ್ತಿನಲ್ಲೇ ಹೋಗಿಬಿಡುವುದು. ಇಂಗ್ಲಿಷಿನಲ್ಲಿ ಈ ಮಾತಿನ ಸಂಸಾರ ದೊಡ್ಡದು. ‘ಓಡು’ ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿದ ಇದು ಹೊಳೆಯ ನೀರಿಗೂ ಗಾಳಿಗೂ ಸಲ್ಲುತ್ತದೆ. ಬ್ಯಾಂಕಿನ ಚಾಲ್ತಿ ಖಾತೆಗೆ, ಈ ವಾರದ ಸಂಚಿಕೆಗೆ, ಊರಲ್ಲಿ ಹಬ್ಬಿದ ಅಭಿಪ್ರಾಯಕ್ಕೆ ವಿಶೇಷಣವೂ ಆಗುತ್ತದೆ. 1902ರಲ್ಲಿ ಇದೇ ಮಂಡ್ಯ ಜಿಲ್ಲೆಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತಷ್ಟೆ. ಅಂದು ಕಾವೇರಿಯ ಒಂದು ಕರೆಂಟ್ ಇನ್ನೊಂದು ಕರೆಂಟಾಯಿತು. ಮೊದಲನೆಯದಕ್ಕೆ ನಮ್ಮಲ್ಲಿ ಹಳೆಯ ಮಾತೇ ಇದ್ದುದರಿಂದ ಕನ್ನಡಿಗರು ಎರಡನೆಯದನ್ನು ಮಾತ್ರ ಕಡ ತಂದರು.

ಆ ಹಳೆಯ ಮಾತನ್ನು ಮರೆತವರು ನಮ್ಮ ಭಾಷಾಂತರಕಾರರು. ನಿಘಂಟು ‘ಪ್ರವಾಹ’ ಎನ್ನುತ್ತದೆ. ಅದರ ತಪ್ಪೇನೂ ಇಲ್ಲ. ಭೌತಶಾಸ್ತ್ರದ ಪಾಠದಲ್ಲಿ ‘ವಿದ್ಯುತ್ ಪ್ರವಾಹ’ ಸರಿ; ಕಾದಂಬರಿಯ ವಿಮರ್ಶೆಯಲ್ಲಿ ‘ಪ್ರಜ್ಞಾಪ್ರವಾಹ’ವೂ ಸರಿಯೆ. ಆದರೆ ಪತ್ರಿಕೆ ಓದುವವನಿಗೆ ಹೊಳೆಯ ಪ್ರವಾಹವೆಂದರೆ ಈಗ ನೆರೆ. ಕರೆಂಟ್ ಬಲವಾಗಿದ್ದುದರಿಂದ ಅಂಬಿಗ ದೋಣಿ ಬಿಡಲಿಲ್ಲವೆಂಬ ವಾಕ್ಯವನ್ನು ‘ಪ್ರವಾಹ ಪ್ರಬಲವಾಗಿತ್ತು’ ಎಂದು ತಂದರೆ ಬೇಸಗೆಯ ಹೊಳೆಗೆ ನೆರೆ ಬಂದಂತಾಯಿತು. ಮುಂದಿನ ಪುಟದಲ್ಲಿ ಮಕ್ಕಳು ಮರಳಿನ ಮೇಲೆ ಆಡುತ್ತಿದ್ದರೆ ಓದುಗ ಏನೆಂದುಕೊಳ್ಳಬೇಕು?

ಹೊಳೆಯ ದಡದವರ ಮಾತು ‘ಸೆಳೆತ’, ‘ಸೆಳವು’. ಮೇಲೆ ಸದ್ದಿಲ್ಲದ ನೀರು ಅಡಿಯಲ್ಲಿ ಕಾಲು ಹಿಡಿದು ಎಳೆಯುವುದೆಲ್ಲ ಆ ಪದದಲ್ಲೇ ಇದೆ. ಇದು ಬರಿಯ ಶೈಲಿಯ ಪ್ರಶ್ನೆಯೆಂದು ವಾಚಕರು ತಿಳಿಯಬಾರದು. ಸ್ನಾನಘಟ್ಟದ ಫಲಕ ‘ಪ್ರವಾಹವಿದೆ’ ಎಂದರೆ, ಪರವೂರಿನ ಯಾತ್ರಿಕ ತಿಳಿನೀರನ್ನು ನೋಡಿ, ಹಳೆಯ ಫಲಕವಿರಬೇಕೆಂದು ಇಳಿದಾನು. ‘ಸೆಳೆತವಿದೆ’ ಎಂದಿದ್ದರೆ ಮೆಟ್ಟಿಲಲ್ಲೇ ನಿಂತಾನು.

ಶ್ರೀರಂಗಪಟ್ಟಣದ ಮಗ್ಗುಲಿನ ಗಂಜಾಮನ್ನು ಹೆಸರಿನಲ್ಲೇ ಹೊತ್ತಿದ್ದ ಪ್ರೊ. ಜಿ. ವೆಂಕಟಸುಬ್ಬಯ್ಯನವರು 1991ರಿಂದ ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಸಂದೇಹಗಳಿಗೆ ವರ್ಷಗಟ್ಟಲೆ ಉತ್ತರ ಹೇಳಿದರು. ಎಂಟು ಸಂಪುಟಗಳ ನಿಘಂಟಿನ ಕೆಲಸ ನಡೆಸಿದವರೇ ಓದುಗರ ಪ್ರಶ್ನೆಗೆ ಕಿವಿಗೊಟ್ಟು ಕುಳಿತಿದ್ದರು. ನಮ್ಮ ಅನುವಾದಕರು ಒಬ್ಬ ಅಂಬಿಗನನ್ನಾದರೂ ಕೇಳಬಾರದೆ?

ಇತ್ತಕಡೆಯಿಂದ ಅತ್ತ ಹೋಗುವವರ ಪಾಡೂ ಸುಲಭವಲ್ಲ. ನಮ್ಮಲ್ಲಿ ಹೊಳೆ ಹರಿಯುತ್ತದೆ, ಹಾವು ಹರಿಯುತ್ತದೆ, ಬೆಳಕು ಹರಿಯುತ್ತದೆ, ಬಟ್ಟೆಯೂ ಹರಿಯುತ್ತದೆ. ಕನ್ನಡದ ಕಥೆಗಳನ್ನು ಇಂಗ್ಲಿಷಿಗೆ ಒಯ್ಯುವವರು ಈ ‘ಹರಿ’ಯನ್ನು ಹೇಗೆ ದಾಟಿಸುತ್ತಾರೆಂಬುದು ಇನ್ನೊಂದು ವಾರದ ಮಾತು.