ಮನೆಗೆ ಬರುವ ಮೇಲ್, ಮನೆಯಿಂದ ಹೊರಡದ ಮೇಲ್

ರಾಸ್ಪ್‌ಬೆರಿ ಪೈನಂಥ ಅಂಗೈಯಗಲದ ಕಂಪ್ಯೂಟರಿನಲ್ಲಿ ಮನೆಮಂದಿಯ ಇಮೇಲ್ ಸರ್ವರ್ ನಡೆಸಬಹುದೇ ಎಂದು ಕೇಳಿದರೆ, ಯಂತ್ರದ ಮಟ್ಟಿಗೆ ಎರಡು ಮಾತಿಲ್ಲ, ಧಾರಾಳವಾಗಿ ನಡೆಸಬಹುದು. ಇಮೇಲ್ ಹುಟ್ಟಿ ಬೆಳೆದದ್ದು ಇದಕ್ಕಿಂತ ಎಷ್ಟೋ ಬಡ ಯಂತ್ರಗಳಲ್ಲಿ. ರೇ ಟಾಮ್ಲಿನ್ಸನ್ 1971ರಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮೊದಲ ಸಂದೇಶ ಕಳಿಸಿದಾಗಲೂ, ಜೊನಾಥನ್ ಪೋಸ್ಟೆಲ್ 1982ರಲ್ಲಿ ಸರ್ವರಿನಿಂದ ಸರ್ವರಿಗೆ ಮೇಲ್ ಸಾಗಿಸುವ ಎಸ್‌ಎಂಟಿಪಿಯ ನಿಯಮಗಳನ್ನು ಬರೆದಿಟ್ಟಾಗಲೂ ಅವರ ಎದುರಿಗಿದ್ದ ಯಂತ್ರಗಳಿಗೆ ಇಂದಿನ ಪೈ 4ರ ಕಸುವು ಇರಲಿಲ್ಲ. ಮೇಲ್ ಸಾಗಿಸಲು ವೀಟ್ಸೆ ವೆನೆಮಾ ಬರೆದ ಪೋಸ್ಟ್‌ಫಿಕ್ಸ್, ಬಂದ ಮೇಲನ್ನು ಜೋಡಿಸಿಟ್ಟು ಫೋನಿಗೂ ಲ್ಯಾಪ್‌ಟಾಪಿಗೂ ತೋರಿಸಲು ಟಿಮೊ ಸಿರೈನನ್ ಬರೆದ ಡವ್‌ಕಾಟ್, ಇವೆರಡೂ ಉಚಿತ, ಎರಡೂ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಪಳಗಿದ ತಂತ್ರಾಂಶಗಳು. ಒಂದು ಕುಟುಂಬದ ಮೇಲ್ ಅವಕ್ಕೆ ಲೆಕ್ಕಕ್ಕೇ ಇಲ್ಲ. ಎಸ್‌ಎಸ್‌ಡಿ ಸೇರಿಸಿ ಐದು ವಾಟ್ ಎಂದು ಹಿಡಿದರೂ ಹಗಲಿರುಳು ಓಡುವ ಪೈ ತಿಂಗಳಿಗೆ ನಾಲ್ಕು ಯೂನಿಟ್ ವಿದ್ಯುತ್ತನ್ನೂ ಉಣ್ಣುವುದಿಲ್ಲ.

ಹಾಗಿದ್ದರೆ ತೊಡಕು ಎಲ್ಲಿದೆ? ಈ ವಿಷಯದ ಕೈಪಿಡಿಗಳಲ್ಲಿ ಹೆಚ್ಚಿನವು ಅದನ್ನು ಹೇಳುವ ಮೊದಲೇ ಮುಗಿದುಬಿಡುತ್ತವೆ. ಯಾವ ಕಡತದಲ್ಲಿ ಯಾವ ಸಾಲು ಬದಲಿಸಬೇಕು, ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಪ್ರಮಾಣಪತ್ರ ಹೇಗೆ ಪಡೆಯಬೇಕು ಎಂಬುದನ್ನೆಲ್ಲ ಚೆನ್ನಾಗಿಯೇ ಕಲಿಸುತ್ತವೆ. ಕೊನೆಗೆ ಒಂದು ಪರೀಕ್ಷಾ ಮೇಲ್ ಬಂದು ಇಳಿದರೆ ಕೆಲಸ ಮುಗಿಯಿತು ಎನ್ನುತ್ತವೆ. ಬರುವುದೂ ಹೋಗುವುದೂ ಒಂದೇ ಕೆಲಸದ ಎರಡು ತುದಿ ಎಂಬಂತೆ ಬರೆಯುವುದೇ ಅವುಗಳ ದೊಡ್ಡ ಕೊರತೆ. ಮನೆಯ ಸರ್ವರಿನ ಮಟ್ಟಿಗೆ ಅವೆರಡೂ ಬೇರೆ ಬೇರೆ ಕೆಲಸಗಳು. ಒಂದರ ಯೋಗ್ಯತೆಯನ್ನು ಇನ್ನೊಂದರಿಂದ ಅಳೆಯಲಾಗದು.

ಬರುವ ಮೇಲಿನ ವಿಷಯದಲ್ಲಿ ಮನೆಯಲ್ಲೇ ಸರ್ವರ್ ಇಡುವ ಪದ್ಧತಿಯನ್ನು ಮನಸಾರೆ ಮೆಚ್ಚುತ್ತೇನೆ. ಮನೆಯಲ್ಲಿ ಕರೆಂಟ್ ಹೋದರೆ ಮೇಲ್ ಕಳೆದುಹೋಗುತ್ತದೆ ಎಂಬುದು ಎಲ್ಲರ ಮೊದಲ ಅಂಜಿಕೆ. ಹಾಗೇನೂ ಆಗುವುದಿಲ್ಲ. ಎಸ್‌ಎಂಟಿಪಿ ಕೆಡುವ ಯಂತ್ರಗಳನ್ನೂ ಕಡಿಯುವ ತಂತಿಗಳನ್ನೂ ಮೊದಲೇ ಲೆಕ್ಕಕ್ಕೆ ಹಿಡಿದು ರೂಪಿಸಿದ ವ್ಯವಸ್ಥೆ. ಪಡೆಯುವ ಯಂತ್ರ ಸಿಗದಿದ್ದರೆ ಕಳಿಸುವ ಯಂತ್ರ ಮೇಲನ್ನು ಸರದಿಯಲ್ಲಿಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸಬೇಕು. ಕೈಬಿಡುವ ಮುನ್ನ ನಾಲ್ಕೈದು ದಿನವಾದರೂ ಕಾಯಬೇಕು ಎಂದು 2008ರ ಪರಿಷ್ಕೃತ ನಿಯಮಾವಳಿ ಹೇಳುತ್ತದೆ. ಪೋಸ್ಟ್‌ಫಿಕ್ಸ್ ತಾನಾಗಿಯೇ ಐದು ದಿನ ಕಾಯುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಒಂದಿಡೀ ದಿನ ಕರೆಂಟಿಲ್ಲದ ಮಲೆನಾಡಿನ ಮನೆಯಲ್ಲೂ, ಲೈನ್ ಬಂದ ಮೇಲೆ ತಡೆದು ನಿಂತ ಮೇಲ್‌ಗಳು ಒಂದೊಂದಾಗಿ ಬಂದು ಸೇರುತ್ತವೆ. ವೆಬ್‌ಸೈಟ್ ಒಂದನ್ನು ಮನೆಯಿಂದ ನಡೆಸುವವನಿಗೆ ಈ ಸೌಕರ್ಯ ಇಲ್ಲ. ಮನೆಯಲ್ಲಿಡಲು ಇಷ್ಟು ಹೊಂದುವ ಇನ್ನೊಂದು ಸೇವೆ ಅಂತರ್ಜಾಲದಲ್ಲಿ ನನಗೆ ಕಂಡಿಲ್ಲ.

ಯಂತ್ರದ ವಿಷಯದಲ್ಲಿ ಎಚ್ಚರ ಬೇಕಾದದ್ದು ಎಸ್‌ಡಿ ಕಾರ್ಡಿನ ಬಗ್ಗೆ. ಮೇಲ್ ಸರ್ವರ್ ಪ್ರತಿ ಸಂದೇಶಕ್ಕೂ ಸಣ್ಣ ಸಣ್ಣ ಬರಹಗಳನ್ನು ಡಿಸ್ಕಿಗೆ ಇಳಿಸುತ್ತಲೇ ಇರುತ್ತದೆ. ಅಂಥ ದುಡಿಮೆಗೆ ಕಾರ್ಡ್ ತಾಳುವುದಿಲ್ಲ, ಒಂದು ದಿನ ಹೇಳದೆ ಕೇಳದೆ ಕೈಕೊಡುತ್ತದೆ. ಯುಎಸ್‌ಬಿಗೆ ಎಸ್‌ಎಸ್‌ಡಿ, ರೂಟರಿಗೂ ಪೈಗೂ ಸೇರಿ ಒಂದು ಪುಟ್ಟ ಯುಪಿಎಸ್, ಮನೆಯಿಂದಾಚೆ ಇನ್ನೊಂದು ಕಡೆ ಬೀಗ ಹಾಕಿದ ಬ್ಯಾಕಪ್. ಇಷ್ಟಿಲ್ಲದೆ ಶುರು ಮಾಡಬಾರದು.

ಇನ್ನು ಹೋಗುವ ಮೇಲ್. ನಿಜವಾದ ಪೇಚಾಟ ಇಲ್ಲಿರುವುದು. ಪೋಸ್ಟೆಲ್ ಬರೆದ ನಿಯಮಗಳಲ್ಲಿ ದೊಡ್ಡ ಯಂತ್ರ, ಚಿಕ್ಕ ಯಂತ್ರ ಎಂಬ ಭೇದವಿಲ್ಲ. ಇಂದು ಆಚರಣೆಯಲ್ಲಿ ಆ ಭೇದವೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಸರ್ವರುಗಳು ಪರಸ್ಪರ ಮಾತಾಡುವುದು 25ನೇ ಪೋರ್ಟಿನಲ್ಲಿ. ಮನೆ ಸಂಪರ್ಕ ಕೊಡುವ ಅನೇಕ ಸಂಸ್ಥೆಗಳು ಅದನ್ನು ಮುಚ್ಚಿಯೇ ಇಡುತ್ತವೆ. ತೆರೆದಿದ್ದರೂ ಮನೆಯ ಐಪಿ ವಿಳಾಸಗಳ ಸಾಲುಸಾಲೇ ಸ್ಪ್ಯಾಮ್‌ಹೌಸ್ ಸಂಸ್ಥೆಯ ಪಿಬಿಎಲ್ ಪಟ್ಟಿಯಲ್ಲಿರುತ್ತವೆ. ಈ ವಿಳಾಸಗಳಿಂದ ಮೇಲ್ ನೇರವಾಗಿ ಬರತಕ್ಕದ್ದಲ್ಲ ಎಂಬುದು ಆ ಪಟ್ಟಿಯ ಅರ್ಥ. ಐಪಿ ಸಂಖ್ಯೆಯಿಂದ ಹೆಸರನ್ನು ಹುಡುಕಿಕೊಡುವ ರಿವರ್ಸ್ ಡಿಎನ್‌ಎಸ್ ದಾಖಲೆಯನ್ನು ಬರೆಯುವ ಅಧಿಕಾರ ಆ ಸಂಖ್ಯೆಯ ಒಡೆತನವಿರುವ ಸಂಸ್ಥೆಗೆ, ಅಂದರೆ ಸಂಪರ್ಕ ಕೊಟ್ಟವರಿಗೆ ಸೇರಿದ್ದು; ಮನೆ ಗ್ರಾಹಕ ಅದನ್ನು ಕೇಳಿದರೆ ಕಾಲ್‌ಸೆಂಟರಿನಲ್ಲಿ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಇವೆಲ್ಲದರ ಮೇಲೆ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ಗುರುತಿನ ದಾಖಲೆಗಳು. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ಇವುಗಳನ್ನು ಇನ್ನಷ್ಟು ಬಿಗಿಮಾಡಿದವು. ಈ ದಾಖಲೆಗಳ ಬಗ್ಗೆ ನನಗೆ ತಕರಾರಿಲ್ಲ. ಅವು ಎಲ್ಲರಿಗೂ ತೆರೆದಿರುವ ಮಾನದಂಡಗಳು, ಪೈ ಕೂಡ ಡಿಕೆಐಎಂ ಸಹಿಯನ್ನು ದೊಡ್ಡ ಕಂಪನಿಯಷ್ಟೇ ಸರಿಯಾಗಿ ಹಾಕಬಲ್ಲದು. ತಕರಾರು ಐಪಿ ವಿಳಾಸದ ಹೆಸರು ಕೆಟ್ಟಿದೆಯೋ ಇಲ್ಲವೋ ಎಂಬ ಗುಟ್ಟಿನ ಅಂದಾಜಿನ ಬಗ್ಗೆ. ಅದರ ಮಾನದಂಡ ಎಲ್ಲೂ ಪ್ರಕಟವಾಗಿಲ್ಲ, ಮೇಲ್ಮನವಿಗೆ ಸರಿಯಾದ ಜಾಗವೂ ಇಲ್ಲ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಮನೆಯ ವಿಳಾಸಗಳನ್ನು ಹೀಗೆ ದೂರವಿಟ್ಟದ್ದು ದ್ವೇಷದಿಂದಲ್ಲ. ವೈರಸ್ ಹೊಕ್ಕ ಮನೆ ಕಂಪ್ಯೂಟರುಗಳು ಅವುಗಳ ಒಡೆಯರಿಗೇ ತಿಳಿಯದಂತೆ ಲೋಕಕ್ಕೆಲ್ಲ ಸ್ಪ್ಯಾಮ್ ಸುರಿಯುತ್ತಿದ್ದ ಕಾಲವೊಂದಿತ್ತು. 25ನೇ ಪೋರ್ಟ್ ಮುಚ್ಚಿದ್ದರಿಂದ ಆ ಹಾವಳಿ ನಿಜಕ್ಕೂ ತಗ್ಗಿತು. ಪೋರ್ಟ್ ಮುಚ್ಚುವುದನ್ನು ನಾನು ಒಪ್ಪಬಲ್ಲೆ. ಒಪ್ಪಲಾಗದ್ದು ಇನ್ನೊಂದು. ಎಸ್‌ಎಂಟಿಪಿಯಲ್ಲಿ ಪಡೆಯುವ ಯಂತ್ರ ಸಂದೇಶವನ್ನು ಪೂರ್ತಿ ಕೇಳಿಸಿಕೊಂಡು ಕೊನೆಗೆ 250 ಎಂಬ ಉತ್ತರ ಕೊಟ್ಟರೆ, ತಲುಪಿಸುವ ಹೊಣೆ, ಇಲ್ಲವೇ ತಲುಪಲಿಲ್ಲವೆಂದು ತಿಳಿಸುವ ಹೊಣೆ ತನ್ನದು ಎಂದು ಒಪ್ಪಿಕೊಂಡಂತೆ. ಬೇಡವಾದರೆ ಆಗಲೇ ಬೇಡವೆನ್ನಲು ಬೇರೆ ಸಂಖ್ಯೆಗಳಿವೆ. ದೊಡ್ಡ ಸೇವೆಗಳು ಎಷ್ಟೋ ಸಲ 250 ಎಂದು ಹೇಳಿ, ಸಂದೇಶವನ್ನು ಸ್ಪ್ಯಾಮ್ ಪೆಟ್ಟಿಗೆಗೆ ತಳ್ಳುತ್ತವೆ. ರಿಜಿಸ್ಟರ್ಡ್ ಪೋಸ್ಟಿಗೆ ಸಹಿ ಹಾಕಿ ಪಡೆದು, ಮನೆಯವರಿಗೆ ಹೇಳದೆ ಅಟ್ಟಕ್ಕೆ ಎಸೆದಂತೆ ಇದು. ಕಳಿಸಿದವನ ಲಾಗ್ ಕಡತದಲ್ಲಿ ಎಲ್ಲವೂ ಸರಿಯಾಗಿದೆ, ಪಡೆಯಬೇಕಾದವನಿಗೆ ಏನೂ ಬಂದಿಲ್ಲ. ಕೆಲಸದ ಅರ್ಜಿಯೊಂದು, ಆಸ್ಪತ್ರೆಗೆ ಬರೆದ ಪತ್ರವೊಂದು ಹೀಗೆ ಮಾಯವಾದರೆ ಯಾರನ್ನು ಕೇಳುವುದು? ಒಪ್ಪಿಗೆ ಇಲ್ಲದಿದ್ದರೆ ಬಾಗಿಲಲ್ಲೇ ಬೇಡವೆನ್ನಬೇಕು. ಚಿಕ್ಕ ಸರ್ವರ್ ನಡೆಸುವವರೆಲ್ಲ ಸೇರಿ ಕೇಳಲೇಬೇಕಾದ ಹಕ್ಕು ಇದು.

ನಮ್ಮ ದೇಶದಲ್ಲಿ ಇನ್ನೊಂದು ಗೋಡೆ ಇದೆ, ಸಿಜಿನ್ಯಾಟ್. ಐಪಿವಿ4 ಸಂಖ್ಯೆಗಳು ಸಾಲದೆ ಅನೇಕ ಮನೆಗಳಿಗೆ ಸೇರಿ ಹೊರಗಿನ ಒಂದೇ ಸಂಖ್ಯೆ ಹಂಚುವ ಏರ್ಪಾಡು ಅದು. ಅಂಥ ಸಂಪರ್ಕದ ಹಿಂದಿರುವ ಪೈಗೆ ಹೊರಗಿನಿಂದ ಯಾರೂ ಬಂದು ಬಾಗಿಲು ತಟ್ಟಲಾರರು. ಬರುವ ಮೇಲೂ ನಿಲ್ಲುತ್ತದೆ. ಹೆಚ್ಚುವರಿ ಹಣ ಕೊಟ್ಟು ಸ್ಟ್ಯಾಟಿಕ್ ಐಪಿ ತೆಗೆದುಕೊಳ್ಳಬೇಕು. ಇಲ್ಲವೇ ತಿಂಗಳಿಗೆ ಕೆಲವು ನೂರು ರೂಪಾಯಿಗೆ ಸಿಗುವ ವಿಪಿಎಸ್ ಎಂಬ ದೂರದ ಪುಟ್ಟ ಸರ್ವರ್ ಒಂದನ್ನು ಬಾಡಿಗೆಗೆ ಹಿಡಿದು, ಅಲ್ಲಿಂದ ಮನೆಗೆ ವೈರ್‌ಗಾರ್ಡ್ ಸುರಂಗ ಹಾಕಿಕೊಳ್ಳಬೇಕು.

ಇಷ್ಟೆಲ್ಲ ತೂಗಿ ನೋಡಿದ ಮೇಲೆ ನನಗೆ ಸರಿ ಕಾಣುವುದು ಅರ್ಧ ದಾರಿ. ಮೇಲ್ ಮನೆಗೆ ಬರಲಿ, ಮನೆಯಲ್ಲೇ ಉಳಿಯಲಿ. ಹೊರಗೆ ಹೋಗುವಾಗ ಮಾತ್ರ, ನಮ್ಮ ಮೇಲನ್ನು ತನ್ನ ಸರ್ವರಿನಿಂದ ಮುಂದೆ ಸಾಗಿಸುವ, ಒಳ್ಳೆಯ ಹೆಸರಿರುವ ರಿಲೇ ಸೇವೆಯೊಂದರ ಮೂಲಕ ಹೋಗಲಿ. ಪೋಸ್ಟ್‌ಫಿಕ್ಸ್‌ನಲ್ಲಿ ಇದಕ್ಕೆ ಬೇಕಾದದ್ದು ನಾಲ್ಕೈದು ಸಾಲು. ಹೀಗೆ ಮಾಡಿದರೆ ಸ್ವಾತಂತ್ರ್ಯ ಎಲ್ಲಿ ಉಳಿಯಿತು ಎಂದು ಕಟ್ಟಾ ಅಭಿಮಾನಿಗಳು ಕೇಳುತ್ತಾರೆ. ರಿಲೇ ನಡೆಸುವವರು ಹೋಗುವ ಪತ್ರವನ್ನು ನೋಡಬಲ್ಲರು, ನಿಜ. ಆದರೆ ನಾವು ಬರೆಯುವ ಹೆಚ್ಚಿನವರ ಪೆಟ್ಟಿಗೆ ಇರುವುದು ದೊಡ್ಡ ಕಂಪನಿಗಳಲ್ಲೇ. ಸ್ವತಃ ತನ್ನ ಸರ್ವರ್ ನಡೆಸುತ್ತಿದ್ದ ಬೆಂಜಮಿನ್ ಮ್ಯಾಕೊ ಹಿಲ್ 2014ರಲ್ಲಿ ತನ್ನ ಪೆಟ್ಟಿಗೆಯ ಲೆಕ್ಕ ಹಾಕಿ, ಅದರ ದೊಡ್ಡ ಪಾಲು ಹೇಗೂ ಗೂಗಲ್ ಕೈಯಲ್ಲಿದೆ ಎಂದು ತೋರಿಸಿದ್ದರು. ಮನೆಯ ಸರ್ವರ್ ಗುಟ್ಟನ್ನು ಕಾಪಾಡುತ್ತದೆ ಎಂದು ಹೊಗಳುವವರು ಈ ಲೆಕ್ಕವನ್ನು ಮರೆಯಬಾರದು. ಇನ್ನೊಂದು ಷರತ್ತು: ಮನೆಯಲ್ಲಿ ಸರ್ವರ್ ಗೊತ್ತಿರುವವರು ಒಬ್ಬರೇ ಆಗಿದ್ದರೆ, ಅಪ್ಪನ ಪಿಂಚಣಿ, ತಂಗಿಯ ಕಾಲೇಜು ಪ್ರವೇಶದಂಥ ಪತ್ರಗಳನ್ನು ಅದರ ಮೇಲೆ ಹೇರಬಾರದು. ಆ ಒಬ್ಬರು ಊರಲ್ಲಿಲ್ಲದಾಗ ಎಲ್ಲರ ಪೆಟ್ಟಿಗೆಗೂ ಬೀಗ ಬೀಳುತ್ತದೆ.

ಉಳಿಯುವ ಲಾಭ ಗಟ್ಟಿಯಾದದ್ದು. ವರ್ಷಗಳ ಪತ್ರಗಳು ನಮ್ಮ ಡಿಸ್ಕಿನಲ್ಲಿರುತ್ತವೆ, ವಿಳಾಸ ನಮ್ಮ ಡೊಮೈನಿನದಾಗಿರುತ್ತದೆ. ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದಾಗ ವಿಳಾಸ ಪಡೆದವರ ವಿಸಿಟಿಂಗ್ ಕಾರ್ಡಿನಲ್ಲಿ ಆ ಸಂಸ್ಥೆಯ ಹೆಸರೇ ಇರುತ್ತಿತ್ತು. ಸಂಪರ್ಕ ಬದಲಿಸಿದಾಗ ವಿಳಾಸವೂ ಹೋಯಿತು. ಡೊಮೈನ್ ನಮ್ಮದಾದರೆ ಪೈ ಸುಟ್ಟುಹೋದರೂ ಸರಿ, ಸಾಕೆನಿಸಿ ದುಡ್ಡು ಕೊಟ್ಟು ನಡೆಸುವ ಸೇವೆಗೆ ಹೋದರೂ ಸರಿ, ಡಿಎನ್‌ಎಸ್‌ನಲ್ಲಿ ಮೇಲ್ ಎಲ್ಲಿಗೆ ಬರಬೇಕೆಂದು ಹೇಳುವ ಎಂಎಕ್ಸ್ ದಾಖಲೆ ಬದಲಿಸಿದರೆ ಸಾಕು, ಬರೆಯುವವರಿಗೆ ವಿಳಾಸ ಅದೇ.

ಕನ್ನಡಿಗರಿಗೆ ಇದರಲ್ಲಿ ಇನ್ನೂ ಒಂದು ಆಸೆ ಇದೆ. ಕನ್ನಡ ಲಿಪಿಯ .ಭಾರತ ಡೊಮೈನ್ ಈಗ ಇದೆ. ಹೆಸರನ್ನೂ ಕನ್ನಡದಲ್ಲೇ ಬರೆದ ಇಮೇಲ್ ವಿಳಾಸಕ್ಕೆ ಬೇಕಾದ ಎಸ್‌ಎಂಟಿಪಿಯುಟಿಎಫ್8 ನಿಯಮ 2012ರಲ್ಲಿ ಬಂತು, ಪೋಸ್ಟ್‌ಫಿಕ್ಸ್ ಅದನ್ನು 2015ರ 3.0 ಆವೃತ್ತಿಯಲ್ಲಿ ಅಳವಡಿಸಿಕೊಂಡಿತು. ಜಿಮೇಲ್ 2014ರಿಂದಲೇ ಇಂಥ ವಿಳಾಸಗಳ ಜೊತೆ ಪತ್ರ ವ್ಯವಹಾರ ನಡೆಸುತ್ತದೆ, ಆದರೆ ತನ್ನಲ್ಲಿ ಕನ್ನಡದ ವಿಳಾಸ ತೆರೆಯಲು ಬಿಡುವುದಿಲ್ಲ. ಮನೆಯ ಸರ್ವರಿನಲ್ಲಿ ಯಾರನ್ನೂ ಕೇಳಬೇಕಿಲ್ಲ. ಅನೇಕ ಜಾಲತಾಣಗಳ ಫಾರಂಗಳು ಕನ್ನಡ ವಿಳಾಸವನ್ನು ತಪ್ಪೆಂದು ತಿರಸ್ಕರಿಸುವುದರಿಂದ, ಅದೇ ಪೆಟ್ಟಿಗೆಗೆ ರೋಮನ್ ಅಕ್ಷರದ ಇನ್ನೊಂದು ಹೆಸರನ್ನೂ ಅಲಿಯಾಸ್ ಆಗಿ ಕಟ್ಟಿಕೊಳ್ಳಬೇಕಾಗುತ್ತದೆ. ಹೊರಗೆ ಕಳಿಸಲು ನೆಚ್ಚಿಕೊಂಡ ರಿಲೇಗೂ ಈ ನಿಯಮ ಗೊತ್ತಿರಬೇಕು. ಬೆಲೆ ಕೇಳುವುದಕ್ಕಿಂತ ಮೊದಲು ಅವರಲ್ಲಿ ಅದನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.